ಕಪಾಟಿನ ಫೈಲು ಮಕ್ಕಳ ಕೈಗೆ ಬರಲಿ

ಮುಂಬೈ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಹತ್ತು ನಿಮಿಷ ನಿಂತರೆ ಸಾಕು, ವಿಜಯಪುರದ ಕನ್ನಡ, ಕಲಬುರ್ಗಿಯ ಕನ್ನಡ, ಕರಾವಳಿಯ ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ತಿಂಗಳುಗಟ್ಟಲೆ ಧರ್ಮಶಾಲೆಯಲ್ಲಿದ್ದು ಮಗುವಿನ ಕೀಮೋ ಮುಗಿಸಿಕೊಂಡು ಊರಿಗೆ ಹೊರಟವರು ಒಂದು ಕಡೆ, ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದ ನಮ್ಮವರು ಇನ್ನೊಂದು ಕಡೆ. ಮಗು ಗುಣವಾಯಿತು, ಸಂತೋಷ. ಆದರೆ ಆ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಏನು? ನನ್ನ ತಕರಾರು ಇರುವುದೇ ಅಲ್ಲಿ.

ಈ ಔಷಧಿಗಳ ಪೆಟ್ಟು ಕೆಲವು ಸಲ ಹತ್ತಿಪ್ಪತ್ತು ವರ್ಷ ಬಿಟ್ಟು ಕಾಣಿಸುತ್ತದೆ. ಸಿಸ್‌ಪ್ಲಾಟಿನ್ ಕಿವಿಗೆ, ಐಫಾಸ್ಫಮೈಡ್ ಕಿಡ್ನಿಗೆ, ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ. ಕುತ್ತಿಗೆಗೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟಿದ್ದರೆ ಥೈರಾಯ್ಡಿಗೆ. ಹೃದಯಕ್ಕೆ ಹೊಡೆಯುವುದು ಡಾಕ್ಸೊರುಬಿಸಿನ್, ನಮ್ಮ ಜನ 'ಕೆಂಪು ಔಷಧಿ' ಅನ್ನುತ್ತಾರಲ್ಲ, ಅದೇ.

ಈ ಕೆಂಪು ಔಷಧಿಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದರ ಡೋಸು ಅಳೆಯುವುದು ಮೈಯ ವಿಸ್ತೀರ್ಣದ ಮೇಲೆ, ಚದರ ಮೀಟರಿಗೆ ಇಷ್ಟು ಅಂತ. 20 ಕಿಲೋ ತೂಕ, 115 ಸೆಂಟಿಮೀಟರ್ ಎತ್ತರದ ಮಗುವಿನ ಮೈಯ ವಿಸ್ತೀರ್ಣ ಸುಮಾರು 0.8 ಚದರ ಮೀಟರ್. ಒಂದು ಸಲಕ್ಕೆ 20 ಮಿಲಿಗ್ರಾಂ, ಹತ್ತು ಸಲ ಕೊಟ್ಟಿದ್ದಾರೆ ಅಂದುಕೊಳ್ಳಿ. ಒಟ್ಟು 200. ಭಾಗಿಸಿದರೆ ಚದರ ಮೀಟರಿಗೆ 250 ಮಿಲಿಗ್ರಾಂ. ಇದು ಹೆಚ್ಚು ಅಪಾಯದ ಗುಂಪು, ಎರಡು ವರ್ಷಕ್ಕೊಮ್ಮೆ ಎಕೊ, ಅಂದರೆ ಹೃದಯದ ಸ್ಕ್ಯಾನ್, ಬೇಕು. ಈಗ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೀ '200 ಮಿಲಿಗ್ರಾಂ' ಅಂತ ಇದ್ದು, ಆಗಿನ ತೂಕ, ಎತ್ತರ ಇಲ್ಲದಿದ್ದರೆ? ಎದುರು ಕೂತ ಇಪ್ಪತ್ತೈದರ ಹುಡುಗನ ಮೈ ನೋಡಿ ಡಾಕ್ಟರು 1.6 ರಿಂದ ಭಾಗಿಸುತ್ತಾರೆ, ಉತ್ತರ 125. ಮಧ್ಯಮ ಗುಂಪು, ಐದು ವರ್ಷಕ್ಕೊಮ್ಮೆ ಎಕೊ ಸಾಕು! ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಉದಾಸೀನ ಮಾಡಲಿಲ್ಲ. ಕಾಗದದಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೇ.

ಇನ್ನೊಂದು ಎಡವಟ್ಟು ಮೂಲೆಮೂಲೆಯ ಲ್ಯಾಬುಗಳ 'ಫುಲ್ ಬಾಡಿ ಚೆಕಪ್'. ಪ್ಯಾಕೇಜಿನಲ್ಲಿ ಇಸಿಜಿ ಇರುತ್ತದೆ, ಎಕೊ ಇರಬೇಕೆಂದೇನಿಲ್ಲ. ಇಸಿಜಿ ನಾರ್ಮಲ್ ಬಂದರೆ ಹೃದಯದ ಪಂಪು ಗಟ್ಟಿ ಇದೆ ಅಂತ ಅರ್ಥವಲ್ಲ. ಹೆಣ್ಣುಮಕ್ಕಳಿಗೆ ಬಸಿರಾಗುವ ಮೊದಲೇ ಒಂದು ಎಕೊ ಆಗಿರಬೇಕು. ಎದೆಗೆ 10 ಗ್ರೇ (ಕರೆಂಟಿನ ಡೋಸು ಅಳೆಯುವ ಮಾನ) ಅಥವಾ ಹೆಚ್ಚು ಕರೆಂಟು ಕೊಟ್ಟಿದ್ದರೆ, 25ನೇ ವಯಸ್ಸಿಗೆ ಅಥವಾ ಕರೆಂಟು ಮುಗಿದ 8 ವರ್ಷಕ್ಕೆ, ಯಾವುದು ತಡವೋ ಆಗಿನಿಂದ, ವರ್ಷವರ್ಷ ಸ್ತನದ ತಪಾಸಣೆ, ಎಂಆರ್‌ಐ ಸಮೇತ.

ಆದರೆ ಹುಡುಗಿಗೆ ಗೊತ್ತಿದ್ದರೆ ತಾನೆ? ನಾಲ್ಕನೇ ವಯಸ್ಸಿನಲ್ಲಿ 'ಜ್ವರ ಬಂದಿತ್ತು' ಅಂತ ಹೇಳಿಟ್ಟಿರುತ್ತಾರೆ. ಫೈಲು ಅಮ್ಮನ ಕಪಾಟಿನಲ್ಲಿ, ಸೀರೆಗಳ ಕೆಳಗೆ. ಮದುವೆ ಮಾತಿಗೆ ಅಡ್ಡ ಬಂದೀತು ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಬೀಗರಿಗೆ ಏನು ಹೇಳಬೇಕು ಅನ್ನುವುದು ಅವಳ ತೀರ್ಮಾನ, ಒಪ್ಪಿದೆ. ಅವಳಿಗೇ ಹೇಳದಿರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಚಿಕಿತ್ಸೆ ಮುಗಿದವರಿಗೆಂದೇ ಟಾಟಾದಲ್ಲಿ 1991ರಿಂದ ಎಸಿಟಿ ಕ್ಲಿನಿಕ್ ನಡೆಯುತ್ತಿದೆ. ಆದರೆ ವರ್ಷಕ್ಕೊಮ್ಮೆ ಕಲಬುರ್ಗಿಯಿಂದ ಮುಂಬೈಗೆ ಬನ್ನಿ ಅನ್ನುವುದು ಸುಲಭ; ರೈಲು ಚಾರ್ಜು, ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಆದ್ದರಿಂದ ಕಾಗದ ಅವರ ಜೊತೆ ಹೋಗಬೇಕು, ಊರಿನ ಫಿಜಿಶಿಯನ್ ಓದುವ ಹಾಗಿರಬೇಕು. ಮಕ್ಕಳ ವಿಭಾಗದಿಂದ ಹೊರಗೆ ಕಳಿಸುವಾಗ 'ದೊಡ್ಡವರ ಓಪಿಡಿಗೆ ಹೋಗಿ' ಅಂದರೆ ಸಾಲದು, ಇಂಥ ಡಾಕ್ಟರು, ಇಂಥ ದಿನ ಅಂತ ಬರೆದು ಕೊಡಲಿ.

ಒಂದೇ ಹಾಳೆ ಸಾಕು. ಮುಂಭಾಗದಲ್ಲಿ ಕಾಯಿಲೆ, ಆಗಿನ ವಯಸ್ಸು, ಒಂದೊಂದು ಔಷಧಿಯದೂ ಚದರ ಮೀಟರಿನ ಲೆಕ್ಕದಲ್ಲಿ ಒಟ್ಟು ಡೋಸು, ಕರೆಂಟು ಎಲ್ಲಿಗೆ, ಎಷ್ಟು ಗ್ರೇ, ಏನೇನು ಆಪರೇಷನ್, ರಕ್ತ ಕೊಟ್ಟಿದ್ದರೆ ಅದೂ. ಹಿಂಭಾಗದಲ್ಲಿ ಯಾವ ಪರೀಕ್ಷೆ, ಎಷ್ಟು ವರ್ಷಕ್ಕೊಮ್ಮೆ. 'ಪ್ರೊಟೊಕಾಲ್ ಪ್ರಕಾರ ಕೊಡಲಾಗಿದೆ' ಅಂತ ಬರೆದಿದ್ದರೆ ಅಲ್ಲೇ ನಿಂತು ಕೇಳಿ: ಎಷ್ಟು ಕೊಟ್ಟಿರಿ? ಹಾಗೆ ಕೇಳುವ ಹಕ್ಕು ನಿಮಗಿದೆ. ಹಳೆಯ ಎಕೊ ರಿಪೋರ್ಟು ಥರ್ಮಲ್ ಕಾಗದದಲ್ಲಿದ್ದರೆ ಇವತ್ತೇ ಫೋಟೊ ತೆಗೆದಿಡಿ, ಅಕ್ಷರ ಮಾಸಿಹೋಗುತ್ತವೆ.