ತಾಯಿಯ ಜೀವಕ್ಕೆ ಕುತ್ತು ಬಂದಾಗ

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಹೆಸರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 17 ವಾರದ ಗರ್ಭಿಣಿಯಾಗಿದ್ದ ಅವರು 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಆ ರಾತ್ರಿಯೇ ಗರ್ಭದ ನೀರು ಒಡೆಯಿತು. ಮಗು ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು 23ರಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತವಿದೆ, ನಿಮ್ಮ ಜೀವಕ್ಕೆ ಈಗ ಅಪಾಯವಿಲ್ಲ, ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. 24ರ ಬೆಳಗ್ಗೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ 160. 28ರಂದು ನಂಜೇರಿ ತೀರಿಕೊಂಡರು. ವಯಸ್ಸು 31.

ನಾಡಿ, ಜ್ವರ, ರಕ್ತದೊತ್ತಡಗಳನ್ನು ಸರಿಯಾಗಿ ಗಮನಿಸಲಿಲ್ಲ ಎಂದೂ ತನಿಖೆ ಹೇಳಿತು. ಅದು ಆಸ್ಪತ್ರೆಯ ಲೋಪ. ಆದರೆ ವೈದ್ಯರ ಕೈ ಕಟ್ಟಿಹಾಕಿದ್ದು ಕಾನೂನಿನ ಮಸುಕು. ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಅಪಾಯವನ್ನು ತೀರ್ಮಾನಿಸುವವರು ಯಾರು, ಎಷ್ಟು ವೈದ್ಯರ ಸಹಿ ಬೇಕು ಎಂಬುದನ್ನು ಬರೆದಿಡುವ ಶಾಸನ ಮಾತ್ರ 20 ವರ್ಷ ಬರಲೇ ಇಲ್ಲ. ತಪ್ಪಿದರೆ 1861ರ ಕಾಯಿದೆಯಂತೆ ಜೀವಾವಧಿ ಶಿಕ್ಷೆ. ಅಂಥ ಭಯದಲ್ಲಿ ಯಾವ ವೈದ್ಯರಾದರೂ ಕಾದು ನೋಡುತ್ತಾರೆ. ಸವಿತಾ ಸತ್ತ ಮೇಲೆ, 2013ರಲ್ಲಿ, ಕಾಯಿದೆ ಬಂತು. ದೈಹಿಕ ಅಪಾಯಕ್ಕೆ ಇಬ್ಬರು ವೈದ್ಯರು, ತುರ್ತಿಗೆ ಒಬ್ಬರು ಎಂದು ಅದು ಹೇಳಿತು.

ಕಾಯುವುದು ಏಕೆ ಅಪಾಯ? ನೀರಿನ ಚೀಲ ಒಡೆದರೆ ಯೋನಿಯ ಬ್ಯಾಕ್ಟೀರಿಯಾ ಗರ್ಭಕೋಶಕ್ಕೆ ಏರಲು ದಾರಿಯಾಗುತ್ತದೆ. ಒಳಗೆ ಸೋಂಕು ಹತ್ತಿದ ಮೇಲೆ ಆ್ಯಂಟಿಬಯೋಟಿಕ್ ಒಂದರಿಂದಲೇ ಅದು ಹೋಗದು, ಗರ್ಭಕೋಶ ಖಾಲಿಯಾಗಲೇಬೇಕು. ಚಳಿ ನಡುಕ, 38 ಡಿಗ್ರಿ ದಾಟಿದ ಜ್ವರ, ನೂರು ದಾಟಿದ ನಾಡಿ, ದುರ್ವಾಸನೆಯ ಸ್ರಾವ: ಇವು ಕಂಡಾಗ ಗಂಟೆಗಳನ್ನು ಎಣಿಸುವಂತಿಲ್ಲ. ಆರೋಗ್ಯಕ್ಕೆ ಅಪಾಯ ಎಲ್ಲಿ ಮುಗಿಯಿತು, ಜೀವಕ್ಕೆ ಅಪಾಯ ಎಲ್ಲಿ ಶುರುವಾಯಿತು ಎಂಬ ಗೆರೆ ರೋಗಿಯ ಮೈಮೇಲೆ ಕಾಣುವುದಿಲ್ಲ. ಆ ಗೆರೆಯನ್ನೇ ನೆಚ್ಚಿಕೊಂಡ ಕಾನೂನು ಸೋಲುತ್ತದೆ ಎಂದೇ ನನ್ನ ಅಭಿಪ್ರಾಯ.

ಗರ್ಭಪಾತದ ಬಗೆಗಿನ ನಮ್ಮ ದೇಶದ 1971ರ ಕಾಯಿದೆ, ಎಂ.ಟಿ.ಪಿ. ಆ್ಯಕ್ಟ್, ಈ ವಿಷಯದಲ್ಲಿ ಮುಂದಿದೆ. ಜೀವಕ್ಕೆ ಅಪಾಯ ಮಾತ್ರವಲ್ಲ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ತೀವ್ರ ಹಾನಿಯಾಗುವಂತಿದ್ದರೂ ಸಾಕು. 2021ರ ತಿದ್ದುಪಡಿಯ ಬಳಿಕ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಸವಿತಾ ಇಲ್ಲಿದ್ದಿದ್ದರೆ ಎದೆಬಡಿತ ನಿಲ್ಲುವವರೆಗೆ ಕಾಯಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ.

ಇನ್ನು ಇದೇ ಕಾಯಿದೆಯ 5ನೆಯ ಸೆಕ್ಷನ್. ತಾಯಿಯನ್ನು ಉಳಿಸಲು ಗರ್ಭ ತೆಗೆಯುವುದು ತಕ್ಷಣ ಅಗತ್ಯವೆಂದು ನೋಂದಾಯಿತ ವೈದ್ಯರೊಬ್ಬರಿಗೆ ಪ್ರಾಮಾಣಿಕವಾಗಿ ಅನಿಸಿದರೆ ವಾರಗಳ ಮಿತಿಯಿಲ್ಲ, ಎರಡನೆಯ ವೈದ್ಯರು ಬೇಕಿಲ್ಲ, ಮಂಜೂರಾದ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಸ್ತ್ರೀರೋಗದ ವಿಶೇಷ ತರಬೇತಿಯ ಷರತ್ತನ್ನೂ ಅಲ್ಲಿ ಸಡಿಲಿಸಿದ್ದಾರೆ. ಕೊಡಲು ರಕ್ತ, ಅರಿವಳಿಕೆ, ನುರಿತವರು ಇದ್ದರೆ ಮಾತ್ರ ಅದು ಸುರಕ್ಷಿತ ಎಂಬುದು ಬೇರೆ ಮಾತು. ಆದರೂ ಕಾನೂನಿನ ಹೆಸರಲ್ಲಿ ಮುಟ್ಟದೆ ಕಳುಹಿಸಲು ನೆಪವಿಲ್ಲ.

ಪೆರ್ಲ, ಮುಳ್ಳೇರಿಯ, ಅಡೂರಿನಂಥ ಕಡೆಯಿಂದ ಕಾಸರಗೋಡಿಗೋ ಮಂಗಳೂರಿಗೋ ಓಡುವ ನಮ್ಮವರಿಗೆ ಇದು ಮುಖ್ಯ. ಇದು ಕೇಂದ್ರದ ಕಾಯಿದೆ. ತಲಪಾಡಿ ದಾಟಿದರೆ ರಾಜ್ಯ ಬದಲಾಗುತ್ತದೆ, ಈ ಹಕ್ಕು ಬದಲಾಗುವುದಿಲ್ಲ. 18 ತುಂಬಿದ ಹೆಂಗಸಿನ ಸಮ್ಮತಿಯೊಂದೇ ಸಾಕು. ಗಂಡ, ಅತ್ತೆ, ಅಪ್ಪ ಯಾರ ಸಹಿಯೂ ಕಾನೂನಿಗೆ ಬೇಡ. ಹದಿನೆಂಟರ ಒಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಸಮ್ಮತಿಯ ಕಾಗದಕ್ಕೆ ಫಾರ್ಮ್ ಸಿ ಎನ್ನುತ್ತಾರೆ. ಮಲಯಾಳ ಓದಲು ಬಾರದಿದ್ದರೆ ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ಜೊತೆಗೆ ಹೋದ ಆಶಾ ಕಾರ್ಯಕರ್ತೆ ನೀರು ಒಡೆದ ಹೊತ್ತು, ಜ್ವರ ಬಂದ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆದು ಡ್ಯೂಟಿ ಡಾಕ್ಟರ ಕೈಗೆ ಕೊಡಲಿ.