ಕಿಟಕಿ ತೆಗ್ದಿತ್ತಾ ಅಂತ ಕೇಳೋ ವೆಬ್‌ಸೈಟು

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡಿರೋರು ಹಾಸ್ಟೆಲ್ ಹುಡುಗ್ರು, ಪಿಜಿಯಲ್ಲಿರೋ ಹೆಣ್ಮಕ್ಕಳು, ಪ್ರಾಜೆಕ್ಟಿಗೆ ಏನ್ ತಗೊಳ್ಳೋದಪ್ಪಾ ಅಂತ ತಲೆ ಕೆಡಿಸ್ಕೊಂಡಿರೋ ಕೊನೇ ವರ್ಷದ ಇಂಜಿನಿಯರಿಂಗು, ಡಿಪ್ಲೊಮಾದೋರು ಅಂತ ಅಂದ್ಕೊಂಡೇ ಮಾತಾಡ್ತೀನಿ. ಅಪ್ಪ ಅಮ್ಮಂದಿರು ಕೇಳ್ತಿದ್ರೆ ಅವರಿಗೂ ಬೇಕಾದ ವಿಷಯಾನೇ ಇದು. ನಾನು ಕಂಪ್ಯೂಟರ್ ಸೈನ್ಸ್ ಮೇಷ್ಟ್ರು. ಕೋವಿಡ್ ಟೈಮಲ್ಲಿ ನಮ್ಮ ನಾಲ್ಕು ಜನ ವಿದ್ಯಾರ್ಥಿಗಳು ಸೇರ್ಕೊಂಡು ಒಂದು ವೆಬ್‌ಸೈಟ್ ಮಾಡಿದ್ರು. ಹೋಟ್ಲು, ಛತ್ರ, ಸಲೂನು, ಬ್ಯಾಂಕು, ಲೈಬ್ರರಿ, ಇಂಥಾ ಕಡೆ ಹೋಗಿ ಬಂದೋರು ಆ ಜಾಗ ಎಷ್ಟು ಸೇಫ್ ಅಂತ ಅದ್ರಲ್ಲಿ ಬರೀಬೇಕು, ಹೋಗ್ಬೇಕು ಅಂತಿರೋರು ಅದನ್ನ ನೋಡ್ಕೊಂಡು ಹೋಗ್ಬೇಕು. ಅಷ್ಟೇ ಐಡಿಯಾ. ಅದರಿಂದ ಗೊತ್ತಾದ ಒಂದೇ ಒಂದು ವಿಷಯ ಹೇಳೋದಕ್ಕೆ ಬಂದಿದೀನಿ ನಾನು. ಜನರ ಹತ್ರ ಸ್ಟಾರ್ ಕೇಳ್ಬೇಡಿ. ಕಿಟಕಿ ತೆಗ್ದಿತ್ತಾ ಅಂತ ಕೇಳಿ.

ವಿದ್ಯಾರ್ಥಿಗಳು ಮಾಡಿದ್ದು ಅಂದ ತಕ್ಷಣ ಮಾರ್ಕ್ಸಿಗೆ ಮಾಡಿದ್ದು ಬಿಡಿ ಅಂತ ಮೂಗು ಮುರೀತಾರೆ ಕೆಲವರು, ನನಗೆ ಅದು ಸ್ವಲ್ಪಾನೂ ಹಿಡ್ಸಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ಮ್ಯಾಪ್ ನೆನಪಿದ್ಯಲ್ಲ, ಕಪ್ಪು ನಕ್ಷೆ ಮೇಲೆ ಕೆಂಪು ಚುಕ್ಕೆ, ಎಲ್ಲಾ ಟೀವಿಯೋರೂ ದಿನಾ ತೋರಿಸ್ತಿದ್ರು. 2020ರ ಜನವರಿ 22ಕ್ಕೆ ಬಂದಿದ್ದು ಅದು, ನಮ್ಮಲ್ಲಿ ಯಾರಿಗೂ ಈ ಕಾಯಿಲೆ ಹೆಸರೇ ಸರಿಯಾಗಿ ಗೊತ್ತಿರ್ಲಿಲ್ಲ ಆಗ. ಅದನ್ನ ಕೂತು ಕಟ್ಟಿದ್ದು ಎನ್‌ಶೆಂಗ್ ಡಾಂಗ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿ, ಗೈಡ್ ಲಾರೆನ್ ಗಾರ್ಡ್ನರ್ ಅವರ ಜೊತೆ. ವಾಷಿಂಗ್ಟನ್ ರಾಜ್ಯದಲ್ಲಿ ಅವಿ ಶಿಫ್‌ಮನ್ ಅಂತ 17 ವರ್ಷದ ಹೈಸ್ಕೂಲ್ ಹುಡುಗ ಇಂಥದ್ದೇ ಇನ್ನೊಂದು ಸೈಟ್ ಮಾಡಿದ, ಕೋಟ್ಯಂತರ ಜನ ನೋಡಿದ್ರು. ನಮ್ಮ ದೇಶದಲ್ಲಿ ಕೋವಿಡ್19ಇಂಡಿಯಾ ಅನ್ನೋ ಸೈಟನ್ನ ಪೂರಾ ಸ್ವಯಂಸೇವಕರೇ ನಡೆಸಿದ್ರು, 2021ರ ಅಕ್ಟೋಬರ್ ಕೊನೇವರೆಗೂ. ಆದ್ರೆ ಇವೆಲ್ಲ ಲೆಕ್ಕ ಹೇಳೋ ಸೈಟುಗಳು, ಇವತ್ತು ಇಷ್ಟು ಕೇಸು, ಇಷ್ಟು ಸಾವು ಅಂತ. ನಾಳೆ ತಂಗಿ ನಿಶ್ಚಿತಾರ್ಥಕ್ಕೆ ಆ ಹಾಲಿಗೆ ಅಜ್ಜೀನ ಕರ್ಕೊಂಡು ಹೋಗ್ಬೋದಾ ಬೇಡ್ವಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇರ್ಲಿಲ್ಲ. ನಮ್ಮ ಹುಡುಗ್ರು ಹಿಡಿದಿದ್ದು ಆ ಪ್ರಶ್ನೇನ.

2020ರ ನವೆಂಬರ್‌ನಲ್ಲಿ ಕಾಲೇಜು ಬಾಗಿಲು ತೆಗೆದ್ರು. ಬಂದೋರೇ ಲ್ಯಾಪ್‌ಟಾಪ್ ತೆಗೆದು ತೋರಿಸಿದ್ರು, ಓಪನ್ ಸ್ಟ್ರೀಟ್ ಮ್ಯಾಪ್ ಮೇಲೆ ಪಿನ್ನು, ಪಿನ್ ಒತ್ತಿದ್ರೆ ಜಾಗದ ಹೆಸ್ರು, ಕೆಳಗಡೆ ಐದು ಸ್ಟಾರು. ಈ ಸ್ಟಾರ್ ತೆಗೀರಪ್ಪಾ ಅಂದೆ ನಾನು. ಇಲ್ಲ ಸಾರ್, ಎಲ್ಲಾ ಆ್ಯಪಲ್ಲೂ ಹಂಗೇ ಇರೋದು, ಜನಕ್ಕೆ ರೂಢಿ ಆಗಿದೆ ಅಂದ್ರು. ಸರಿ, ಜನ ಏನ್ ತುಂಬ್ತಾರೋ ನೋಡಿ ಅಂತ ಬಿಟ್ಟೆ.

ಮುಂದಿನ ಕಥೆ ಹೇಳೋಕೆ ಮುಂಚೆ ಗಾಳಿ ವಿಷಯ ಒಂದ್ ಮಾತಲ್ಲಿ ಹೇಳ್ಬಿಡ್ತೀನಿ, ಇಲ್ದಿದ್ರೆ ಅದು ಅರ್ಥ ಆಗಲ್ಲ. ಈ ವೈರಸ್ಸು ಉಸಿರಲ್ಲಿ ಬರುತ್ತೆ, ಬೀಡಿ ಹೊಗೆ ಥರ. ಬಯಲಲ್ಲಿ ಒಬ್ಬ ಬೀಡಿ ಸೇದಿದ್ರೆ ನಿಮಗೆ ವಾಸ್ನೇನೂ ಬರಲ್ಲ, ಅದೇ ಮುಚ್ಚಿದ ರೂಮಲ್ಲಿ ಸೇದಿದ್ರೆ ಆ ಮೂಲೇಲಿ ಕೂತಿದ್ರೂ ಬಂದೇ ಬರುತ್ತೆ. ಮುಗೀತು, ಇಷ್ಟೇ ಸೈನ್ಸು. ಚೀನಾದ ಗ್ವಾಂಗ್‌ಝೌನಲ್ಲಿ 2020ರ ಜನವರಿ 24ಕ್ಕೆ ಒಂದು ಹೋಟೆಲಲ್ಲಿ ಊಟಕ್ಕೆ ಕೂತಿದ್ರು, ಕಿಟಕಿ ಇಲ್ಲ, ಎಸಿ ಓಡ್ತಿದೆ. ಒಬ್ರಿಗೆ ಸೋಂಕಿತ್ತು, ಅಕ್ಕಪಕ್ಕದ ಮೂರು ಟೇಬಲ್ಲಿನ ಮೂರು ಕುಟುಂಬದಲ್ಲಿ ಅವರೂ ಸೇರಿ 10 ಜನಕ್ಕೆ ಬಂತು. ಸಾಮಾನ್ಯವಾಗಿ ಎಸಿ ಹೊರಗಿನ ಗಾಳಿ ತರಲ್ಲ ಕಣ್ರಿ, ಒಳಗಿರೋ ಗಾಳೀನೇ ತಣ್ಣಗೆ ಮಾಡಿ ತಿರುಗಿಸುತ್ತೆ. ಅದೇ ವರ್ಷ ಮಾರ್ಚ್ 10ಕ್ಕೆ ಅಮೆರಿಕದ ಸ್ಕ್ಯಾಜಿಟ್ ಅನ್ನೋ ಕಡೆ ಹಾಡಿನ ತಂಡದೋರು ಎರಡೂವರೆ ಗಂಟೆ ಅಭ್ಯಾಸ ಮಾಡಿದ್ರು, ಇದ್ದಿದ್ದು 61 ಜನ, ಅದ್ರಲ್ಲಿ 53 ಜನ ಹುಷಾರು ತಪ್ಪಿದ್ರು, ಇಬ್ರು ತೀರ್ಕೊಂಡ್ರು. ಕೈಗೆ ಸ್ಯಾನಿಟೈಸರ್ ಇಟ್ಟಿದ್ರು ಪಾಪ ಅವ್ರು. ಜುಲೈಲಿ 239 ಜನ ವಿಜ್ಞಾನಿಗಳು ಸೇರಿ, ಇದು ಗಾಳೀಲಿ ಹರಡುತ್ತೆ, ದಯವಿಟ್ಟು ಒಪ್ಕೊಳ್ಳಿ ಅಂತ ಬಹಿರಂಗ ಪತ್ರ ಬರೆದ್ರು. ಆದ್ರೂ ನಮ್ಮ ಕಡೆ ನವೆಂಬರಲ್ಲೂ ಎಲ್ಲರ ಗಮನ ಸ್ಯಾನಿಟೈಸರ್ ಬಾಟ್ಲಿ ಮೇಲೇ ಇತ್ತು.

ಈಗ ಕಥೆಗೆ ಬರ್ತೀನಿ. ಹಾಸನದ ಕಡೆ ಒಂದು ಊರು, ನಮ್ಮ ಟೀಮಿನ ಹುಡುಗಿ ಒಬ್ಬಳ ಊರು ಅದು. ಅಲ್ಲಿ ಒಂದು ಹೊಸಾ ಛತ್ರ, ಗ್ರಾನೈಟ್ ನೆಲ, ಎಸಿ ಹಾಲು. ಅದರ ಹಿಂದುಗಡೆ ಬೀದೀಲೇ ಒಂದು ಸಣ್ಣ ಹೋಟ್ಲು, ಮೂರು ಕಡೆ ಬಯಲು, ಮೇಲೆ ಶೀಟು. ಸೈಟಲ್ಲಿ ಛತ್ರಕ್ಕೆ ಐದಕ್ಕೆ ಐದು ಸ್ಟಾರ್ ಬಿದ್ದಿತ್ತು. ಬಾಗಿಲಲ್ಲಿ ಕಾಲಲ್ಲಿ ಒತ್ತೋ ಸ್ಯಾನಿಟೈಸರ್ ಸ್ಟ್ಯಾಂಡು, ಹಣೆಗೆ ಹಿಡಿಯೋ ಗನ್ನು, ನೆಲದ ಮೇಲೆ ಹಳದಿ ರೌಂಡು, ತುಂಬಾ ಚೆನ್ನಾಗಿ ಮೇಂಟೇನ್ ಮಾಡಿದಾರೆ ಅಂತ ಜನ ಬರೆದಿದ್ರು. ಹೋಟ್ಲಿಗೆ ಎರಡು ಸ್ಟಾರು. ಸ್ಯಾನಿಟೈಸರ್ ಇಲ್ಲ, ಟೇಬಲ್ ಒರೆಸೋ ಬಟ್ಟೆ ಕೊಳಕು ಅಂತ. ನೋಡಿ ಎಂಥಾ ಅನ್ಯಾಯ. ಸ್ಟಾರ್ ನೋಡ್ಕೊಂಡು ಹೋಗೋರು ಆ ಬಯಲು ಹೋಟ್ಲು ಬಿಟ್ಟು ಮುಚ್ಚಿದ ಹಾಲಿಗೆ ಹೋಗ್ತಿದ್ರು. ಸೈಟು ಇಲ್ದೇ ಇದ್ದಿದ್ರೇ ಒಳ್ಳೇದಿತ್ತು ಅನ್ನೋ ಹಾಗಾಯ್ತು.

ಆಗ ಆ ಹುಡುಗಿಗೇ ಹೊಳೀತು. ಜನ ಸುಳ್ಳೇನೂ ಹೇಳಿಲ್ಲ ಸಾರ್, ನಾವು ಕೇಳಿದ್ದೇ ಸರಿ ಇಲ್ಲ, ಹೆಂಗಿತ್ತು ಅಂತ ಕೇಳಿದ್ರೆ ಹೆಂಗನ್ನಿಸ್ತೋ ಅದನ್ನೇ ಹೇಳ್ತಾರೆ ಅಂದ್ಲು. ಅವತ್ತೇ ಕೂತು ಸ್ಟಾರ್ ಕಿತ್ತಾಕಿದ್ರು. ಫಾರ್ಮ್ ಪೂರಾ ಹೊಸದು. ಕಿಟಕಿ ತೆಗ್ದಿತ್ತಾ, ಎಲ್ಲಾನಾ ಒಂದೆರಡಾ? ಎಸಿ ಓಡ್ತಿತ್ತಾ? ಪಕ್ಕದ ಟೇಬಲ್ಲಿನೋರು ಕೈ ಚಾಚಿದ್ರೆ ಸಿಗೋಷ್ಟು ಹತ್ರ ಇದ್ರಾ? ಬಡಿಸೋರ ಮಾಸ್ಕು ಮೂಗಿನ ಮೇಲಿತ್ತಾ, ಗಲ್ಲದ ಮೇಲಿತ್ತಾ? ಎಷ್ಟ್ ಹೊತ್ತಿಗೆ ಹೋಗಿದ್ರಿ? ಎಲ್ಲಾ ಕಣ್ಣಿಗೆ ಕಾಣೋದು, ಹೌದು ಇಲ್ಲ ಅಂತ ಒತ್ತಿದ್ರೆ ಆಯ್ತು, ಮಾರ್ಕು ಹಾಕೋದು ಸೈಟೇ. ಛತ್ರ ಧಡ್ ಅಂತ ಕೆಳಗೆ ಬಿತ್ತು, ಹೋಟ್ಲು ಮೇಲೆ ಬಂತು.

ಛತ್ರದ ಯಜಮಾನ್ರು ಫೋನ್ ಮಾಡಿದ್ರು, ಸಿಟ್ಟಲ್ಲಿ. ಏನಮ್ಮಾ, ಅಷ್ಟೊಂದು ದುಡ್ಡು ಸುರಿದು ಎಲ್ಲಾ ರೂಲ್ಸ್ ಫಾಲೋ ಮಾಡಿದೀನಿ, ಊರ ಮಗಳಾಗಿ ನೀನು ನನ್ನ ಹೊಟ್ಟೆ ಮೇಲೆ ಹೊಡೀತೀಯಾ ಅಂತ. ಹುಡುಗಿ ಹೆದರ್ಕೊಂಡ್ಳು. ನಡೀರಿ, ಹೋಗಿ ತೋರಿಸೋಣ ಅಂದೆ. ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಗೊಂಡು ಎಲ್ರೂ ಹೋದ್ವಿ. ಹೊರಗಿನ ಗಾಳೀಲಿ ಅದು ಸುಮಾರು 420 ಪಿಪಿಎಂ ಇರುತ್ತೆ, ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ 420 ಪಾಲು, ನಾವು ಬಿಡೋ ಉಸಿರಲ್ಲಿ ಹತ್ತಿರ ಹತ್ತಿರ 40,000. ಅಂದ್ರೆ ರೂಮೊಳಗೆ ನಂಬರ್ ಏರ್ತಾ ಇದ್ರೆ ಒಬ್ರು ಬಿಟ್ಟ ಉಸಿರನ್ನ ಇನ್ನೊಬ್ರು ಎಳ್ಕೊತಿದಾರೆ ಅಂತ ಲೆಕ್ಕ. ಅವತ್ತು ಅಲ್ಲಿ ಒಂದು ನಾಮಕರಣ ಇತ್ತು. ಒಳಗೆ ಕಾಲಿಡದೆ ಬಾಗಿಲ ಹತ್ರ ನಿಂತು ಮೀಟರ್ ಹಿಡಿದ್ರೇನೇ 1,800 ದಾಟಿ ಏರ್ತಾ ಇದೆ. ಯಜಮಾನ್ರಿಗೆ ಈ ನಂಬರ್ ಮೇಲೆ ನಂಬಿಕೆ ಬರ್ಲಿಲ್ಲ. ನಿಮ್ಮ ಮಷೀನು ಏನ್ ಬೇಕಾದ್ರೂ ತೋರ್ಸುತ್ತೆ ಬಿಡಿ ಅಂದ್ರು.

ಆಮೇಲೆ ನಡೆದಿದ್ದು ನನಗೆ ಈಗ್ಲೂ ಖುಷಿ ಕೊಡೋ ವಿಷಯ. ಜನ ಎಲ್ಲ ಹೋದ್ಮೇಲೆ ನಮ್ಮ ಟೀಮಿನ ಹುಡುಗ ಒಬ್ಬ ದೇವರ ಫೋಟೋ ಹತ್ರ ಇದ್ದ ಊದುಬತ್ತಿ ಪ್ಯಾಕೆಟ್ಟಿಂದ ಒಂದು ಕಡ್ಡಿ ಹಚ್ಚಿ, ಫ್ಯಾನ್ ಎಸಿ ಎಲ್ಲಾ ಆಫ್ ಮಾಡಿಸಿ, ಹಾಲಿನ ಮಧ್ಯ ಹಿಡ್ಕೊಂಡ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯ್ತು, ಸೀಲಿಂಗ್ ಕೆಳಗೆ ಹರಡ್ಕೊಂಡು ಅಲ್ಲೇ ನಿಲ್ತು. ಅಲುಗಾಡ್ತಿಲ್ಲ. ಈಗ ಕಿಟಕಿ ತೆಗೀರಿ ಅಂದ. ತೆಗೆಯೋಕೆ ಹೋದ್ರೆ ಬರ್ತಿಲ್ಲ! ಪೇಂಟ್ ಬಳಿದಾಗ ರೆಕ್ಕೆ ಚೌಕಟ್ಟಿಗೆ ಅಂಟ್ಕೊಂಡುಬಿಟ್ಟಿದೆ, ಎಸಿ ಇದ್ಯಲ್ಲಾ ಅಂತ ಅವತ್ತಿಂದ ಯಾರೂ ಮುಟ್ಟಿಲ್ಲ. ಯಜಮಾನ್ರೇ ಅಡುಗೆಮನೆಯಿಂದ ಚಾಕು ತರಿಸಿ ಸಂದೀಲಿ ಎಳೆದು, ಭುಜ ಕೊಟ್ಟು ನೂಕಿದ್ರು, ಕಿರ್ ಅಂತ ತೆಗೀತು. ಎದುರುಗಡೆ ಗೋಡೇದೂ ಒಂದು ತೆಗೆಸಿದ್ವಿ. ಊದುಬತ್ತಿ ಹೊಗೆ ತಕ್ಷಣ ಅಡ್ಡಕ್ಕೆ ಬಾಗಿ ಆ ಕಿಟಕಿ ಕಡೆ ಓಡ್ತು. ಅವರು ಅದನ್ನೇ ನೋಡ್ತಾ ನಿಂತ್ರು. ಮೀಟರ್ ತೋರಿಸೋದೇ ಬೇಕಾಗ್ಲಿಲ್ಲ. ಮಾರನೇ ದಿನ ಬಡಗಿ ಕರೆಸಿ ಎಲ್ಲಾ ಕಿಟಕೀನೂ ಬಿಡಿಸಿ, ಸೊಳ್ಳೆ ಬಾರದೆ ಇರ್ಲಿ ಅಂತ ಜಾಲರಿ ಹೊಡೆಸಿದ್ರು. ಸೈಟಲ್ಲಿ ಛತ್ರ ಮತ್ತೆ ಮೇಲೆ ಬಂತು, ಈ ಸಲ ನ್ಯಾಯವಾಗಿ.

ಗೊತ್ತಾಯ್ತಾ? ಐದು ಸ್ಟಾರ್ ಇದ್ದಾಗ ಆ ಮನುಷ್ಯರಿಗೆ ಏನ್ ಸರಿ ಮಾಡ್ಕೋಬೇಕು ಅಂತ ತಿಳೀತಿರ್ಲಿಲ್ಲ, ಎರಡು ಸ್ಟಾರ್ ಇದ್ದಿದ್ರೂ ತಿಳೀತಿರ್ಲಿಲ್ಲ. ಕಿಟಕಿ ತೆಗ್ದಿತ್ತಾ ಅಂತ ಕೇಳಿದ್ದಕ್ಕೆ ಕಿಟಕಿ ತೆಗೆದ್ರು. 2021ರ ಮೇ 20ಕ್ಕೆ, ಎರಡನೇ ಅಲೆ ಜೋರಾಗಿದ್ದಾಗ, ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯಿಂದ ಸಲಹೆ ಬಂತು, ಸಣ್ಣ ಕಣಗಳು ಗಾಳೀಲಿ 10 ಮೀಟರ್‌ವರೆಗೂ ಹೋಗ್ತವೆ, ಕಿಟಕಿ ಬಾಗಿಲು ತೆಗೆದಿಡಿ ಅಂತ. ನಮ್ಮ ಹುಡುಗ್ರ ಫಾರ್ಮಲ್ಲಿ ಆ ಪ್ರಶ್ನೆ ಅಷ್ಟ್ ಹೊತ್ತಿಗೆ ಮೊದಲನೇ ಸಾಲಲ್ಲೇ ಕೂತಿತ್ತು. ನನಗೆ ಎಷ್ಟು ಹೆಮ್ಮೆ ಅಂತ ಹೇಳೋಕಾಗಲ್ಲ.

ಟೈಮ್ ಕಡಿಮೆ ಇದೆ, ಉಳಿದಿದ್ದು ಬೇಗ ಹೇಳ್ತೀನಿ. ಒಂದು, ಪ್ರತಿ ರಿವ್ಯೂಗೂ ದಿನ, ಹೊತ್ತು ಕಡ್ಡಾಯ. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಇರೋ ಬ್ಯಾಂಕು ಪಿಂಚಣಿ ದಿನ ಜಾತ್ರೆ ಆಗಿರುತ್ತೆ, ಹಳೇ ರಿವ್ಯೂ ತಾನಾಗೇ ಹಿಂದಕ್ಕೆ ಹೋಗೋ ಹಾಗೆ ಮಾಡಿ. ಇನ್ನೊಂದು, ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಜಾಗದ ಬಗ್ಗೆ ಕೇಳಿ, ಮನುಷ್ಯರ ಬಗ್ಗೆ ಕೇಳ್ಬೇಡಿ. 2020ರ ಮಾರ್ಚಲ್ಲಿ ನಮ್ಮ ರಾಜ್ಯದಲ್ಲಿ ಹೋಮ್ ಕ್ವಾರಂಟೈನಲ್ಲಿ ಇರೋರ ಕೈ ಮೇಲೆ ಸೀಲ್ ಹಾಕಿದ್ರು, ವಿಳಾಸದ ಪಟ್ಟಿ ವಾಟ್ಸಾಪಲ್ಲಿ ಊರೆಲ್ಲ ಓಡಾಡ್ತು, ಅಕ್ಕಪಕ್ಕದೋರು ಹಾಲಿನೋನನ್ನೂ ಆ ಮನೆಗೆ ಬಿಡ್ಲಿಲ್ಲ. ಅಲ್ಲೊಬ್ರಿಗೆ ಬಂದಿತ್ತಂತೆ ಅನ್ನೋ ಮಾತು ಬರೆಯೋಕೆ ನಿಮ್ಮ ಸೈಟಲ್ಲಿ ಜಾಗಾನೇ ಇರಬಾರ್ದು. ನಮ್ಮ ಹುಡುಗ್ರು ಕಾಮೆಂಟ್ ಬಾಕ್ಸೇ ಇಡ್ಲಿಲ್ಲ, ಅದಕ್ಕೇ. ಆಮೇಲೆ ಕನ್ನಡದಲ್ಲಿ ಮಾಡಿ, ಟೂಜಿ ಸಿಗ್ನಲಲ್ಲೂ ತೆಗೆಯೋ ಹಾಗೆ ಹಗುರವಾಗಿ ಮಾಡಿ, ಇದನ್ನ ಬಿಡಿಸಿ ಹೇಳೋದೇ ಬೇಕಿಲ್ಲ.

ಕೋವಿಡ್ ಹೋಯ್ತಲ್ಲ ಮೇಷ್ಟ್ರೇ, ಈಗ್ಯಾಕೆ ಅಂತೀರಾ. ಕ್ಷಯ ಹೋಗಿದ್ಯಾ? ಅದೂ ಗಾಳೀಲೇ ಬರೋದು. ಫ್ಲೂ ಪ್ರತಿ ವರ್ಷ ಬರುತ್ತೆ. ಬೆಂಗಳೂರಿನ ವಿಜಯನಗರ, ಧಾರವಾಡದ ಕಡೆ ಓದೋ ಮಕ್ಕಳಿಗೆ ಅಂತ ರೀಡಿಂಗ್ ರೂಮುಗಳು ಇದಾವಲ್ಲ, ತಿಂಗಳಿಗಿಷ್ಟು ಅಂತ ತಗೊಂಡು ಒಂದೊಂದು ಗೂಡಲ್ಲಿ ಒಬ್ಬೊಬ್ರನ್ನ ಕೂರಿಸೋದು, ಬೆಳಿಗ್ಗೆಯಿಂದ ರಾತ್ರಿವರೆಗೂ ಎಸಿ. ಮಧ್ಯಾಹ್ನ ಆದ್ರೆ ನಿದ್ದೆ ತೂಗುತ್ತೆ ಸಾರ್ ಅಂತಾರೆ ಮಕ್ಕಳು. ಊಟದ್ದೂ ಇರ್ಬೋದು, ಗಾಳಿ ಇಲ್ದೇ ಇರೋದೂ ಇರುತ್ತೆ. ಈ ವರ್ಷ ಪ್ರಾಜೆಕ್ಟಿಗೆ ಅವನ್ನೇ ತಗೊಳ್ಳಿ. ಮೀಟರ್ ತಗೊಳ್ಳೋದಾದ್ರೆ ಎನ್‌ಡಿಐಆರ್ ಸೆನ್ಸರ್, ಅಂದ್ರೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಕಾರ್ಬನ್ ಡೈಆಕ್ಸೈಡನ್ನ ನೇರವಾಗಿ ಅಳೆಯೋದು, ಇರೋದನ್ನೇ ತಗೊಳ್ಳಿ, ಅಗ್ಗದ್ರಲ್ಲಿ ಕೆಲವು ಕಾರ್ಬನ್ ಡೈಆಕ್ಸೈಡ್ ಅಳೆಯೋದೇ ಇಲ್ಲ, ಅಂದಾಜಲ್ಲಿ ಒಂದು ನಂಬರ್ ಹಾಕ್ತವೆ. ಮೊದ್ಲು ಹೊರಗಡೆ ಇಟ್ಟು 400ರ ಆಸುಪಾಸು ಬರೋವರೆಗೂ ಕಾಯಿರಿ, ಮೂತಿ ಹತ್ರ ಹಿಡ್ಕೋಬೇಡಿ, ಒಳಗೆ ಹೋಗಿ ಕೂತೋರ ತಲೆ ಮಟ್ಟದಲ್ಲಿ ಇಡಿ, 800ರ ಒಳಗಿದ್ರೆ ಒಳ್ಳೇದು, 1,500 ದಾಟಿದ್ರೆ ಆ ರೂಮಿನ ಯಜಮಾನ್ರನ್ನ ಕರೆದು ತೋರಿಸಿ. ಮೀಟರ್‌ಗೆ ದುಡ್ಡಿಲ್ವಾ, ಊದುಬತ್ತಿ ಹಚ್ಚಿ. ನಮಸ್ಕಾರ.