ಮಚ್ಚೆ, ನರಹುಲಿ, ಸ್ಕಿನ್ ಟ್ಯಾಗ್: ರೇಡಿಯೊ ಫ್ರೀಕ್ವೆನ್ಸಿ ಚಿಕಿತ್ಸೆಗೆ ಮೊದಲು ತಿಳಿದಿರಬೇಕಾದದ್ದು

[ದೃಶ್ಯ: ಕತ್ತು, ಬೆರಳು ಮತ್ತು ಅಂಗಾಲಿನ ಸಮೀಪ ಚಿತ್ರಗಳು]

ವೀಕ್ಷಕರೇ, ನಮಸ್ಕಾರ. ಮನೆಯಲ್ಲಿ ಮದುವೆ ಗೊತ್ತಾದಾಗ, ಮುಖದ ಮೇಲಿನ ಮಚ್ಚೆಯನ್ನೋ ಕತ್ತಿನ ನರಹುಲಿಯನ್ನೋ ಒಂದೇ ದಿನದಲ್ಲಿ ತೆಗೆಸಿಕೊಂಡು ಬರಬಹುದೇ ಎಂದು ಕೊಡಗಿನಲ್ಲಿ ಅನೇಕರು ಕೇಳುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ತೆಗೆಸಬಹುದು. ಆದರೆ ಅದು ನಿಜವಾಗಿ ಏನೆಂಬುದನ್ನು ಚರ್ಮರೋಗ ತಜ್ಞರು ಮೊದಲು ಗುರುತಿಸಿರಬೇಕು.

ಕತ್ತು ಮತ್ತು ಕಂಕುಳಿನ ಮಡಿಕೆಗಳಲ್ಲಿ ಸಣ್ಣ ತೊಟ್ಟಿನಿಂದ ಜೋತುಬೀಳುವ ಮೃದುವಾದ ಗಂಟೇ ಸ್ಕಿನ್ ಟ್ಯಾಗ್. ಅದು ಅಪಾಯಕಾರಿಯಲ್ಲ, ಆದರೂ ಹಲವು ಒಟ್ಟಿಗೆ ಕಾಣಿಸಿಕೊಂಡು ಕತ್ತಿನ ಚರ್ಮವೂ ಕಪ್ಪಾಗಿ ದಪ್ಪವಾಗಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ನರಹುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್. ಕೆರೆದರೆ, ಗಡ್ಡ ಬೋಳಿಸುವಾಗ ತಗುಲಿದರೆ ಅದು ಪಕ್ಕದ ಚರ್ಮಕ್ಕೂ ಹರಡುತ್ತದೆ. ಮಚ್ಚೆಯು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗುಂಪು.

[ದೃಶ್ಯ: ತಂತಿಯ ತುದಿಯ ಉಪಕರಣದ ರೇಖಾಚಿತ್ರ]

ರೇಡಿಯೊ ಫ್ರೀಕ್ವೆನ್ಸಿ ಯಂತ್ರವು 4 ಮೆಗಾಹರ್ಟ್ಸ್‌ವರೆಗಿನ ಆವರ್ತನದ ವಿದ್ಯುತ್ತನ್ನು ತೆಳುವಾದ ತಂತಿಯ ಮೂಲಕ ಚರ್ಮಕ್ಕೆ ಹಾಯಿಸುತ್ತದೆ. ಆ ವಿದ್ಯುತ್ತಿಗೆ ಕೋಶಗಳು ಒಡ್ಡುವ ಪ್ರತಿರೋಧದಿಂದ ಅವುಗಳೊಳಗಿನ ನೀರು ಕಾದು ಆವಿಯಾಗುತ್ತದೆ. ಕಾಯಿಸಿದ ಕಬ್ಬಿಣದಂತೆ ತಂತಿಯೇ ಸುಡುವುದಿಲ್ಲ, ಹಾಗಾಗಿ ಸುತ್ತಲಿನ ಚರ್ಮಕ್ಕೆ ಹಾನಿ ಕಡಿಮೆ, ರಕ್ತವೂ ಬೇಗ ನಿಲ್ಲುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ಅಥವಾ ಮುಲಾಮು ಮೊದಲೇ ಕೊಡಲಾಗುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗಾಯವಾದಲ್ಲೆಲ್ಲ ಉಬ್ಬಿದ ಕಲೆ ಬೆಳೆಯುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಮಚ್ಚೆಯ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಸುಟ್ಟುಹೋದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗದು. ಆಕಾರ ಎರಡು ಬದಿಗೂ ಸಮನಾಗಿಲ್ಲದಿದ್ದರೆ, ಅಂಚು ಮಸುಕಾಗಿದ್ದರೆ, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿದ್ದರೆ, ಅಗಲ 6 ಮಿಲಿಮೀಟರ್ ಮೀರಿದ್ದರೆ, ಅಥವಾ ಕೆಲವೇ ತಿಂಗಳಲ್ಲಿ ಬದಲಾಗಿದ್ದರೆ ಅದನ್ನು ಸುಡದೆ, ಕತ್ತರಿಸಿ ತೆಗೆದು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳುಹಿಸಬೇಕು. ನಮ್ಮ ಮೈಬಣ್ಣದವರಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ತೋಟದಲ್ಲಿ, ಗದ್ದೆಯಲ್ಲಿ ದುಡಿಯುವವರು ಅಂಗಾಲಿನ ಕಪ್ಪನ್ನು ಕೆಸರಿನ ಕಲೆ, ಮುಳ್ಳಿನ ಗಾಯ ಎಂದು ಬಿಟ್ಟುಬಿಡುವ ಸಾಧ್ಯತೆ ಇರುವುದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸುಣ್ಣ, ಸೋಡಾ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಸುಡುವುದಂತೂ ಬೇಡವೇ ಬೇಡ. ಗಾಯ ಆಳವಾಗುತ್ತದೆ, ರೋಗದ ಗುರುತೂ ಅಳಿಸಿಹೋಗುತ್ತದೆ.

[ದೃಶ್ಯ: ಮಳೆಗಾಲದ ಕಾಫಿ ತೋಟ, ಗಂಬೂಟು ತೊಟ್ಟ ಕಾಲುಗಳು]

ಚಿಕಿತ್ಸೆಯ ನಂತರ ಏಳುವ ಹಕ್ಕಳೆ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಉದುರುತ್ತದೆ, ಅದನ್ನು ಕೀಳಬಾರದು. ಅಂಗಾಲಿನ ಗಾಯ ಇನ್ನೂ ನಿಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವಿಡೀ ಒದ್ದೆ ಗಂಬೂಟಿನಲ್ಲಿರುವವರು ಅಂಗಾಲಿನ ನರಹುಲಿಯನ್ನು ಮಳೆ ಕಳೆದ ಮೇಲೆ, ಕಾಫಿ ಕುಯ್ಲು ಶುರುವಾಗುವ ಮೊದಲು ತೆಗೆಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಮುಖದ ಗಾಯಕ್ಕೆ ಬಿಸಿಲು ತಗುಲಿದರೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು; ಮದುವೆಗೆ ಎರಡು ಮೂರು ತಿಂಗಳು ಇರುವಾಗಲೇ ತೆಗೆಸಿಕೊಂಡರೆ ಚರ್ಮಕ್ಕೆ ಕಾಲಾವಕಾಶ ಸಿಗುತ್ತದೆ.

ವೈರಸ್ ಸುತ್ತಲಿನ ಚರ್ಮದಲ್ಲಿ ಉಳಿದಿರಬಹುದಾದ್ದರಿಂದ ನರಹುಲಿ ಮರುಕಳಿಸಿದರೆ ಅದು ವೈದ್ಯರ ತಪ್ಪೆಂದು ಭಾವಿಸಬೇಕಿಲ್ಲ. ಆದರೆ ಮಚ್ಚೆ ತೆಗೆದ ಜಾಗದಲ್ಲಿ ಮತ್ತೆ ಬಣ್ಣ ಕಾಣಿಸಿದರೆ, ಹಳೆಯ ಬಯಾಪ್ಸಿ ವರದಿ ಇದ್ದರೆ ಅದರೊಂದಿಗೆ, ವೈದ್ಯರನ್ನು ಕಾಣಬೇಕು. ಉಳಿದ ಕೋಶಗಳಿಂದ ಮರಳಿ ಬೆಳೆದ ಸಾಮಾನ್ಯ ಮಚ್ಚೆಯೂ ಸೂಕ್ಷ್ಮದರ್ಶಕದಲ್ಲಿ ಮೆಲನೋಮದಂತೆ ತೋರಬಹುದು. ಆಗ ಎರಡನ್ನೂ ಬೇರ್ಪಡಿಸಲು ರೋಗಶಾಸ್ತ್ರಜ್ಞರಿಗೆ ಆ ಮೊದಲ ವರದಿ ಬೇಕಾಗುತ್ತದೆ.